ಕೋಶವೇ ದೇಶ ಸುತ್ತಲಿ: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಒಂದು ವಿಜ್ಞಾನ ಕಾದಂಬರಿಯ ಪ್ರತಿಯನ್ನು ಅಂಚೆಯಲ್ಲಿ ದೇಶದಿಂದ ದೇಶಕ್ಕೆ ಕಳಿಸುತ್ತ ಹತ್ತಾರು ಮಂದಿ ಓದುವ ಏರ್ಪಾಡಿನ ಬಗ್ಗೆ ಈ ಸಲ ಹಲವು ಪತ್ರಗಳು ಬಂದಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಬೇರೆ ಬೇರೆ ದೇಶಗಳಲ್ಲಿರುವ ಹನ್ನೆರಡು ಮಂದಿ ಸೇರಿ ಒಂದು ಪುಸ್ತಕ ಕೊಂಡು ಸರದಿಯಲ್ಲಿ ಓದಬೇಕೆಂದಿದ್ದೇವೆ. ಎಷ್ಟು ಕಾಲ ಹಿಡಿಯುತ್ತದೆ? ಸರದಿ ಹಾಕುವುದು ಹೇಗೆ?

ಉತ್ತರ: ಮೊದಲು ಲೆಕ್ಕ ಹಾಕಿ ನೋಡಿ. ಓದಲು ಮೂರು ವಾರ, ಅಂಚೆಯಲ್ಲಿ ಸುಮಾರು 18 ದಿನ, ಓದಿದ ಮೇಲೆ ಕಟ್ಟಿ ಅಂಚೆ ಕಚೇರಿಗೆ ಒಯ್ಯಲು 3 ದಿನ ಎಂದಿಟ್ಟುಕೊಂಡರೆ ಒಬ್ಬರ ಪಾಲಿಗೆ 42 ದಿನ ಬರುತ್ತದೆ. ಹನ್ನೆರಡು ಮಂದಿಗೆ 504 ದಿನ, ಹೆಚ್ಚುಕಡಿಮೆ ಹದಿನಾರೂವರೆ ತಿಂಗಳು. ಕೊನೆಯವರು ಪುಸ್ತಕ ಬಿಚ್ಚುವ ಹೊತ್ತಿಗೆ ಮೊದಲು ಓದಿದವರಿಗೆ ಪಾತ್ರಗಳ ಹೆಸರೂ ಮರೆತಿರುತ್ತದೆ. ಕೂಡಿ ಮಾತಾಡಬೇಕೆಂಬ ಆಸೆ ಅಲ್ಲಿಗೆ ನಿಂತಂತೆಯೇ. ಅದೇ ಪುಸ್ತಕದ ಮೂರು ಪ್ರತಿ ಕೊಂಡು ನಾಲ್ಕು ನಾಲ್ಕು ಮಂದಿಯ ಮೂರು ಸಾಲು ಮಾಡಿದರೆ 168 ದಿನಕ್ಕೆ, ಅಂದರೆ ಐದೂವರೆ ತಿಂಗಳಿಗೆ ಎಲ್ಲರ ಓದೂ ಮುಗಿಯುತ್ತದೆ. ಹೆಚ್ಚಿನ ಎರಡು ಪ್ರತಿಯ ಬೆಲೆಯನ್ನು ಹನ್ನೆರಡು ಮಂದಿ ಹಂಚಿಕೊಂಡರೆ ಅದೇನೂ ದೊಡ್ಡ ಹೊರೆಯಲ್ಲ. ಆರು ಜನಕ್ಕಿಂತ ಉದ್ದದ ಸಾಲು ಬೇಡ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಸಾಲು ಎರಡು ಬಗೆ. ಪುಸ್ತಕ ಕೊನೆಗೆ ಮಾಲೀಕರಿಗೇ ಮರಳುವುದು ಬುಕ್‌ರಿಂಗ್. ಕೊನೆಯ ಓದುಗರಲ್ಲೇ ಉಳಿಯುವುದು ಬುಕ್‌ರೇ. ಓದಿದ ಪುಸ್ತಕವನ್ನು ಇತರರಿಗೆ ದಾಟಿಸುವವರ, 2001ರಲ್ಲಿ ಶುರುವಾದ ಬುಕ್‌ಕ್ರಾಸಿಂಗ್ ಬಳಗದಲ್ಲಿ ಈ ಎರಡೂ ಪದ ಬಳಕೆಯಲ್ಲಿವೆ. ಪ್ರತಿ ಸಲವೂ ಪುಸ್ತಕ ನಡುವಿನ ಒಬ್ಬರಿಗೆ ಬಂದು ಅಲ್ಲಿಂದ ಮುಂದಿನವರಿಗೆ ಹೋಗುವ ಮೂರನೆಯ ಪದ್ಧತಿಯೂ ಇದೆ. ಪುಸ್ತಕ ಎಲ್ಲಿದೆ, ಹೇಗಿದೆ ಎಂಬುದು ನಡುವಿನವರಿಗೆ ಸದಾ ಗೊತ್ತಿರುತ್ತದೆ, ಅದು ಇದರ ಗುಣ. ಆದರೆ ಹನ್ನೆರಡು ಓದುಗರ ರಿಂಗಿಗೆ 13 ಸಲ ಅಂಚೆ ವೆಚ್ಚವಾದರೆ ಇದಕ್ಕೆ 24 ಸಲ. ಅಪರೂಪದ, ಮತ್ತೆ ಸಿಗದ ಪ್ರತಿಗೆ ಮಾತ್ರ ಇದು ತಕ್ಕದ್ದು.

ಸರದಿಯನ್ನು ಹೆಸರು ಕೊಟ್ಟ ಕ್ರಮದಲ್ಲಿ ಹಾಕಬೇಡಿ. ಕಸ್ಟಮ್ಸ್ ಗಡಿ ಆದಷ್ಟು ಕಡಿಮೆ ಸಲ ದಾಟುವಂತೆ ಹಾಕಿ. ಒಂದೇ ದೇಶದಲ್ಲಿ ಇಬ್ಬರಿದ್ದರೆ ಅವರು ಸರದಿಯಲ್ಲಿ ಅಕ್ಕಪಕ್ಕ ಇರಲಿ. ಯುರೋಪಿಯನ್ ಒಕ್ಕೂಟದ ದೇಶಗಳವರೂ ಹಾಗೆಯೇ, ಅವುಗಳ ನಡುವೆ ಕಸ್ಟಮ್ಸ್ ಚೀಟಿಯೇ ಬೇಕಿಲ್ಲ. ಪ್ರತಿಯೊಬ್ಬರೂ ತಮ್ಮಿಂದ ಮುಂದಿನವರಿಗೆ ಕಳಿಸುವ ವೆಚ್ಚ ಹೊರುವುದು ರೂಢಿ. ಹಾಗಾಗಿ ಹೊರದೇಶಕ್ಕೆ ಕಳಿಸುವ ದರ ತೀರ ಹೆಚ್ಚಿರುವ ದೇಶದವರನ್ನು ರೇ ಪದ್ಧತಿಯಲ್ಲಿ ಕೊನೆಗೆ ಇಡಿ, ಅವರು ಮುಂದೆ ಕಳಿಸಬೇಕಾಗಿಯೇ ಇಲ್ಲ. ರಿಂಗ್ ಆದರೆ ಅವರದೇ ದೇಶದಲ್ಲಿರುವ ಮಾಲೀಕರ ಅಥವಾ ಇನ್ನೊಬ್ಬರ ಹಿಂದಿನ ಸ್ಥಾನ ಅವರಿಗೆ ಕೊಡಿ. ಹಬ್ಬದ ದಟ್ಟಣೆಯ ಡಿಸೆಂಬರ್‌ನಲ್ಲಿ ಪುಸ್ತಕ ಅಂಚೆಯಲ್ಲಿರುವುದಕ್ಕಿಂತ ಯಾರದಾದರೂ ಮನೆಯಲ್ಲಿ ಓದಿಸಿಕೊಳ್ಳುತ್ತಿರುವುದು ಮೇಲು.

ಪ್ರಶ್ನೆ: ಎಂಥ ಪ್ರತಿ ಆರಿಸಿಕೊಳ್ಳಬೇಕು? ಗಟ್ಟಿ ರಟ್ಟಿನದು ಬಾಳಿಕೆ ಬರುತ್ತದಲ್ಲವೇ?

ಉತ್ತರ: ಕಪಾಟಿನಲ್ಲಿ ಬಾಳಿಕೆ ಬರುತ್ತದೆ, ಅಂಚೆಯಲ್ಲಿ ಅಲ್ಲ. ಗಟ್ಟಿ ರಟ್ಟಿನ ಮೂಲೆ ಒಂದೇ ಪೆಟ್ಟಿಗೆ ಜಜ್ಜಿಹೋಗುತ್ತದೆ, ತೂಕವೂ ಹೆಚ್ಚು. ಮೆದು ರಟ್ಟಿನ ಪ್ರತಿಯೇ ಇರಲಿ, ಆದರೆ ಹೊಲಿಗೆ ಹಾಕಿದ್ದಿರಲಿ. ಪುಸ್ತಕವನ್ನು ಮುಚ್ಚಿ ಬೆನ್ನಿನ ಮೇಲ್ತುದಿಯನ್ನು ನೋಡಿ. ಹಾಳೆಗಳು ಸಣ್ಣ ಸಣ್ಣ ಕಂತೆಗಳಾಗಿ ಮಡಚಿಕೊಂಡಂತೆ ಕಂಡರೆ, ಕಂತೆಯ ನಡುವೆ ಬಿಡಿಸಿದಾಗ ದಾರ ಕಂಡರೆ ಅದು ಹೊಲಿಗೆಯದು. ಬಿಡಿ ಹಾಳೆಗಳು ಅಂಟಿಗೆ ನೇರ ಕಚ್ಚಿಕೊಂಡಿದ್ದರೆ ಬರೀ ಅಂಟಿನದು. ಬೆನ್ನಿಗೆ ಸಾಮಾನ್ಯವಾಗಿ ಹಚ್ಚುವ ಬಿಸಿ ಅಂಟು ಚಳಿಯಲ್ಲಿ ಗಡುಸಾಗಿ ಬಿರುಕು ಬಿಡುತ್ತದೆ, ಬಿಸಿಲಿಗೆ ಕಾದ ವಾಹನದೊಳಗೆ ಮೆತ್ತಗಾಗುತ್ತದೆ. ಚಳಿ ದೇಶದಿಂದ ಬಂದ ಕಟ್ಟನ್ನು ಕೂಡಲೇ ಬಿಚ್ಚಿ ಪುಸ್ತಕವನ್ನು ಅಗಲವಾಗಿ ತೆರೆದರೆ ಬೆನ್ನು ಸೀಳುವುದು ಇದಕ್ಕೇ. ನಾಲ್ಕೈದು ಗಂಟೆ ಹಾಗೆಯೇ ಕೋಣೆಯಲ್ಲಿಡಿ, ಆಮೇಲೆ ಬಿಚ್ಚಿ. ತಣ್ಣನೆಯ ಹಾಳೆಯ ಮೇಲೆ ಕೋಣೆಯ ತೇವ ಕೂರುವುದೂ ಇದರಿಂದ ತಪ್ಪುತ್ತದೆ.

ತೂಕವನ್ನು ಕೊಳ್ಳುವ ಮೊದಲೇ ಅಂದಾಜು ಮಾಡಬಹುದು. ಎ5 ಅಳತೆಯ (148 × 210 ಮಿ.ಮೀ.) 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ) ಕಾಗದದ ಒಂದು ಹಾಳೆ ಸುಮಾರು 2.2 ಗ್ರಾಂ. 300 ಪುಟವೆಂದರೆ 150 ಹಾಳೆ, ಅಂದರೆ 326 ಗ್ರಾಂ. ಹೊರರಟ್ಟು ಸೇರಿ 345 ಗ್ರಾಂ ಆಗುತ್ತದೆ, ಕಟ್ಟಿದ ಮೇಲೆ 400ರ ಆಸುಪಾಸು. ಅದೇ 300 ಪುಟದ ಜೇಬುಗಾತ್ರದ ತೆಳುಕಾಗದದ ಪ್ರತಿ ಇದರ ಅರ್ಧದಷ್ಟೇ ತೂಗುತ್ತದೆ. ಅಂಚೆ ದರ ಮೆಟ್ಟಿಲು ಮೆಟ್ಟಿಲಾಗಿ ಏರುವುದರಿಂದ ನಿಮ್ಮ ಕಟ್ಟು ಒಂದು ಮೆಟ್ಟಿಲಿಗಿಂತ 15 ಗ್ರಾಂ ಮೇಲಿದ್ದರೆ ಹೊದಿಕೆಯನ್ನು ಹಗುರ ಮಾಡಿ ನೋಡುವುದು ಲಾಭ. ಹಲವು ಅಂಚೆಗಳಲ್ಲಿ ದಪ್ಪಕ್ಕೂ ಮಿತಿ ಇದೆ, ಕೆಲವೇ ಮಿಲಿಮೀಟರ್ ದಾಟಿದರೆ ದರದ ವರ್ಗವೇ ಬದಲಾಗುತ್ತದೆ.

ಉದ್ದದ ಮಾತು. ವಿಜ್ಞಾನ ಕಥೆಗಳ ಹ್ಯೂಗೋ ಪ್ರಶಸ್ತಿಯ ನಿಯಮದಲ್ಲಿ 40,000 ಪದ ಮುಟ್ಟಿದ್ದು ಕಾದಂಬರಿ, 17,500ರಿಂದ 40,000ದೊಳಗಿನದು ನೊವೆಲ್ಲಾ. ಮೊದಲ ಸುತ್ತಿಗೆ ನೊವೆಲ್ಲಾ ಇಟ್ಟುಕೊಳ್ಳಿ ಎನ್ನುತ್ತೇವೆ. ನಿಮಿಷಕ್ಕೆ 250 ಪದ ಓದುವವರಿಗೆ ಅದು ಒಂದರಿಂದ ಮೂರು ಗಂಟೆಯ ಓದು. ಪುಸ್ತಕದ ಭಾಷೆ ತಾಯ್ನುಡಿಯಲ್ಲದವರಿಗೆ ಇದರ ದುಪ್ಪಟ್ಟು ಹಿಡಿದರೂ ಒಂದು ವಾರಕ್ಕೆ ಮುಗಿಯುತ್ತದೆ. ಸರಣಿಯ ಮೂರನೆಯ ಭಾಗವನ್ನು ಸುತ್ತಿಗೆ ಬಿಡಬೇಡಿ.

ಪ್ರಶ್ನೆ: ನಮ್ಮ ಗುಂಪಿನಲ್ಲಿ ಅರ್ಧ ಜನಕ್ಕೆ ಪುಸ್ತಕದ ಭಾಷೆ ಎರಡನೆಯ ಭಾಷೆ. ಲೇಖಕರು ಹುಟ್ಟಿಸಿದ ಪದಗಳು ನಿಘಂಟಿನಲ್ಲೂ ಸಿಗವು. ಏನು ಮಾಡೋಣ?

ಉತ್ತರ: ವಿಜ್ಞಾನ ಕಾದಂಬರಿಗೇ ವಿಶೇಷವಾದ ತೊಡಕು ಇದು. ಅಪರಿಚಿತ ಪದ ಕಂಡಾಗ ಅದು ತನಗೆ ಗೊತ್ತಿಲ್ಲದ ಪದವೋ ಲೇಖಕರು ಕಟ್ಟಿದ ಪದವೋ ಎಂದು ಎರಡನೆಯ ಭಾಷೆಯ ಓದುಗರಿಗೆ ತಿಳಿಯುವುದಿಲ್ಲ. ನಿಘಂಟು ಹುಡುಕಿ ಸುಸ್ತಾಗಿ ಮೊದಲ ಐವತ್ತು ಪುಟದಲ್ಲೇ ಬಿಟ್ಟುಬಿಡುತ್ತಾರೆ. ಮೊದಲ ಓದುಗರು ಒಂದು ಹಾಳೆಯ ಪದಪಟ್ಟಿ ಮಾಡಿ ಮುದ್ರಿಸಿ ಒಳಗಿಡಲಿ. ಅದರಲ್ಲಿ ಮೂರೇ ಬಗೆಯ ಪದ ಇರಲಿ: ಲೇಖಕರು ಹುಟ್ಟಿಸಿದ್ದು, ನಿಜವಾದ ವಿಜ್ಞಾನದ ಪದ, ಊರು–ಗ್ರಹ–ನೌಕೆಗಳ ಹೆಸರು. ಲೇಖಕರ ಪದಕ್ಕೆ ಅರ್ಥ ಬರೆಯಬೇಡಿ, ‘ಇದು ಕಟ್ಟಿದ ಪದ, 62ನೇ ಪುಟದಲ್ಲಿ ಬಿಚ್ಚಿಕೊಳ್ಳುತ್ತದೆ’ ಎಂದಷ್ಟೇ ಬರೆಯಿರಿ. ಹೀಗೆ ಮಾಡಿದರೆ ಕಥೆಯ ಗುಟ್ಟು ಒಡೆಯುವುದಿಲ್ಲ, ಓದುಗರೂ ಧೈರ್ಯವಾಗಿ ಮುಂದೆ ಹೋಗುತ್ತಾರೆ. ಪುಟಸಂಖ್ಯೆ ಆವೃತ್ತಿಯಿಂದ ಆವೃತ್ತಿಗೆ ಬದಲಾಗುವುದರಿಂದ ಮೂರು ಪ್ರತಿ ಕೊಳ್ಳುವವರು ಐಎಸ್‌ಬಿಎನ್ (ಆವೃತ್ತಿಯ ಗುರುತುಸಂಖ್ಯೆ) ನೋಡಿ ಒಂದೇ ಆವೃತ್ತಿಯದನ್ನೇ ಕೊಳ್ಳಿ.

ಪ್ರಶ್ನೆ: ಗುಳ್ಳೆ ಹಾಳೆಯ ಲಕೋಟೆಯಲ್ಲಿ ಹಾಕಿದರೂ ಮೂಲೆ ಮಡಚಿ ಬರುತ್ತದೆ. ಕಟ್ಟುವ ಸರಿಯಾದ ವಿಧಾನ ತಿಳಿಸಿ.

ಉತ್ತರ: ಗುಳ್ಳೆ ಲಕೋಟೆ ಮುಖಕ್ಕೆ ಬೀಳುವ ಪೆಟ್ಟನ್ನು ತಡೆಯುತ್ತದೆ, ಮೂಲೆಗೆ ಬೀಳುವುದನ್ನಲ್ಲ. ಕಟ್ಟು ಬೀಳುವುದು ಹೆಚ್ಚಾಗಿ ಮೂಲೆಯ ಮೇಲೆಯೇ. ಅಲ್ಲಿ ಗುಳ್ಳೆ ಒಡೆದು ರಟ್ಟು ನೇರ ನೆಲಕ್ಕೆ ತಾಗುತ್ತದೆ.

ಮೊದಲು ಪುಸ್ತಕವನ್ನು ಪಾಲಿಥೀನ್ ಚೀಲಕ್ಕೆ ಹಾಕಿ, ಗಾಳಿ ಒತ್ತಿ ತೆಗೆದು ಮುಚ್ಚಿ. ಜಿಪ್ ಇರುವ ಚೀಲವಾದರೆ ಸರದಿಯ ಎಲ್ಲರೂ ಅದನ್ನೇ ಮತ್ತೆ ಬಳಸಬಹುದು. ಟೇಪು ಯಾವ ಕಾರಣಕ್ಕೂ ಪುಸ್ತಕದ ರಟ್ಟಿಗೆ ತಾಗಬಾರದು. ಆಮೇಲೆ ಪೆಟ್ಟಿಗೆ ಮಾಡುವ ಸುಕ್ಕುರಟ್ಟಿನಿಂದ, ಪುಸ್ತಕಕ್ಕಿಂತ ಎಲ್ಲ ಬದಿಗೂ 5 ಮಿ.ಮೀ. ದೊಡ್ಡದಾದ ಎರಡು ತುಂಡು ಕತ್ತರಿಸಿ. ಒಂದರ ಸುಕ್ಕುಗೆರೆ ಉದ್ದಕ್ಕೆ, ಇನ್ನೊಂದರದು ಅಡ್ಡಕ್ಕೆ ಇರಲಿ. ಗೆರೆಗಳು ಒಂದೇ ದಿಕ್ಕಿಗಿದ್ದರೆ ಕಟ್ಟು ಆ ಗೆರೆಯ ಗುಂಟ ಮಡಚುತ್ತದೆ. ಪುಸ್ತಕವನ್ನು ನಡುವೆ ಇಟ್ಟು ಟೇಪು ಸುತ್ತಿ. ಆ 5 ಮಿ.ಮೀ. ಅಂಚೇ ಮೂಲೆ ಕಾಯುವುದು. ಇದನ್ನು ಗುಳ್ಳೆ ಲಕೋಟೆಗೋ ದಪ್ಪ ಕಂದುಕಾಗದಕ್ಕೋ ಸೇರಿಸಿ 48 ಮಿ.ಮೀ. ಅಗಲದ ಟೇಪಿನಿಂದ ಎಲ್ಲ ಸಂದುಗಳನ್ನೂ ಮುಚ್ಚಿ. ದಾರ ಕಟ್ಟಬೇಡಿ, ವಿಂಗಡಣೆ ಯಂತ್ರಕ್ಕೆ ಸಿಕ್ಕಿ ಕಟ್ಟೇ ಹರಿದುಹೋಗುತ್ತದೆ. ಪುಸ್ತಕ ಒಳಗೆ ಅಲುಗಾಡಬಾರದು. ಅಲುಗಾಡಿದರೆ ಅದರ ತೂಕವೇ ಸುತ್ತಿಗೆಯಂತೆ ಲಕೋಟೆಯ ಸಂದನ್ನು ಒಳಗಿನಿಂದ ಹೊಡೆಯುತ್ತದೆ.

ಬಹಳ ಮಂದಿ ಮರೆಯುವ ಕೆಲಸ ಇನ್ನೊಂದಿದೆ: ಎರಡೂ ವಿಳಾಸ ಬರೆದ ಚೀಟಿಯನ್ನು ಕಟ್ಟಿನ ಒಳಗೂ ಇಡಬೇಕು. ಹೊರಗಿನ ಹಾಳೆ ಹರಿದು ವಿಳಾಸ ಹೋದ ಕಟ್ಟನ್ನು ಅಂಚೆಯವರು ತೆರೆದು ನೋಡುತ್ತಾರೆ. ಒಳಗೆ ಚೀಟಿ ಇದ್ದರೆ ಅದು ಮತ್ತೆ ದಾರಿ ಹಿಡಿಯುತ್ತದೆ.

ಪ್ರಶ್ನೆ: ಬೇರೆ ಲಿಪಿಯ ದೇಶಕ್ಕೆ ವಿಳಾಸ ಹೇಗೆ ಬರೆಯಬೇಕು? ನಮ್ಮ ಓದುಗರು ಒಬ್ಬರಿಗೊಬ್ಬರು ಅಡ್ಡಹೆಸರಿನಿಂದಲೇ ಪರಿಚಯ.

ಉತ್ತರ: ಅಡ್ಡಹೆಸರಿಗೆ ಅಂಚೆಯವರು ಕೊಡುವುದಿಲ್ಲ. ಬಾಗಿಲ ಪೆಟ್ಟಿಗೆಯ ಮೇಲೆ ಯಾವ ಹೆಸರಿದೆಯೋ ಅದೇ ಬೇಕು. ಪಡೆಯುವವರಿಂದ ವಿಳಾಸವನ್ನು ಅವರ ಲಿಪಿಯಲ್ಲೂ ರೋಮನ್ ಲಿಪಿಯಲ್ಲೂ ತರಿಸಿಕೊಳ್ಳಿ. ಅವರ ಲಿಪಿಯದನ್ನು ನೋಡಿ ಬರೆಯಲು ಹೋಗದೆ ಮುದ್ರಿಸಿ ಅಂಟಿಸಿ. ದೇಶದ ಹೆಸರು ರೋಮನ್ ದೊಡ್ಡಕ್ಷರದಲ್ಲಿ ಕೊನೆಯ ಸಾಲಿನಲ್ಲಿ ಒಂದೇ ಇರಲಿ. ನಿಮ್ಮ ದೇಶದ ಅಂಚೆ ನೋಡುವುದು ಆ ಸಾಲನ್ನು, ಉಳಿದದ್ದನ್ನು ಓದುವುದು ಆ ದೇಶದ ಅಂಚೆ. ಕಳಿಸುವವರ ವಿಳಾಸ ಅದೇ ಮುಖದ ಎಡ ಮೇಲ್ಮೂಲೆಯಲ್ಲಿ ಚಿಕ್ಕದಾಗಿರಲಿ. ಹಿಂಬದಿಗೆ ದೊಡ್ಡದಾಗಿ ಬರೆದರೆ ಯಂತ್ರ ಅದನ್ನೇ ಓದಿ ಕಟ್ಟನ್ನು ನಿಮಗೇ ತಿರುಗಿಸಬಹುದು.

ವಿಳಾಸಗಳ ಪೂರ್ತಿ ಪಟ್ಟಿಯನ್ನು ಪುಸ್ತಕದೊಳಗೆ ಅಂಟಿಸುವವರಿದ್ದಾರೆ. ದಯವಿಟ್ಟು ಬೇಡ. ಕಟ್ಟು ಕಳೆದುಹೋದರೆ ಹನ್ನೆರಡು ಮನೆಗಳ ವಿಳಾಸ ಯಾರ ಕೈಗೋ ಸಿಕ್ಕಂತೆ. ಸಂಚಾಲಕರೊಬ್ಬರ ಬಳಿ ಪಟ್ಟಿ ಇರಲಿ, ಪ್ರತಿಯೊಬ್ಬರಿಗೂ ಮುಂದಿನ ಒಬ್ಬರ ವಿಳಾಸ ಮಾತ್ರ ಹೋಗಲಿ.

ಪ್ರಶ್ನೆ: ಕಸ್ಟಮ್ಸ್ ಚೀಟಿಯಲ್ಲಿ ಏನು ಬರೆಯಬೇಕು? ‘ಉಡುಗೊರೆ, ಬೆಲೆ ಸೊನ್ನೆ’ ಎಂದರೆ ಆಯಿತಲ್ಲವೇ?

ಉತ್ತರ: ಆಗದು. ಬೆಲೆ ಸೊನ್ನೆ ಎಂದು ಕಂಡರೆ ಅಧಿಕಾರಿಗೆ ಮೊದಲು ಬರುವುದೇ ಅನುಮಾನ, ಕಟ್ಟು ತಡೆಹಿಡಿಯಲು ಅದೊಂದೇ ಸಾಕು. ಹಳೆಯ ಪ್ರತಿ ಮಾರಿದರೆ ಎಷ್ಟು ಬರುತ್ತದೋ ಅಷ್ಟು ಬರೆಯಿರಿ. ಸಣ್ಣ ಕಟ್ಟುಗಳಿಗೆ ಅಂಟಿಸುವುದು ಸಿಎನ್ 22 ಎಂಬ ಚೀಟಿ, ಒಳಗಿನ ವಸ್ತುವಿನ ಬೆಲೆ 300 ಎಸ್‌ಡಿಆರ್ (ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ನಾಣ್ಯ) ದಾಟಿದರೆ ಸಿಎನ್ 23. ನಮ್ಮ ಕೆಲಸಕ್ಕೆ ಮೊದಲನೆಯದೇ ಸಾಕು, ಕೆಲವು ಅಂಚೆಗಳು ಮಾತ್ರ ಎಲ್ಲಕ್ಕೂ ಎರಡನೆಯದನ್ನೇ ಕೇಳುತ್ತವೆ. ವಿವರವನ್ನು ಇಂಗ್ಲಿಷ್ ಅಥವಾ ಫ್ರೆಂಚ್‌ನಲ್ಲಿ ಬರೆಯಿರಿ. ‘ಬುಕ್’ ಎಂದಷ್ಟೇ ಬರೆಯದೆ ‘ಬಳಸಿದ ಮುದ್ರಿತ ಪುಸ್ತಕ, 1’ ಎಂಬರ್ಥದ ಪದಗಳಿರಲಿ. ತೂಕ, ಬೆಲೆ, ಕರೆನ್ಸಿ, ಮುದ್ರಣವಾದ ದೇಶ, ಸಹಿ, ತಾರೀಖು ಬಿಡಬೇಡಿ. ಸರಕಿನ ಸಂಕೇತದ ಜಾಗದಲ್ಲಿ 4901.99 ಎಂದು ತುಂಬಿ, ಮುದ್ರಿತ ಪುಸ್ತಕಗಳಿಗೆ ಬಹುತೇಕ ಎಲ್ಲ ದೇಶಗಳ ಕಸ್ಟಮ್ಸ್ ಬಳಸುವ ಸಂಕೇತ ಅದು. ಓದಿ ಮುಂದೆ ಕಳಿಸಬೇಕಾದ ಪುಸ್ತಕ ಉಡುಗೊರೆಯಲ್ಲ. ‘ಇತರೆ’ ಎಂಬುದಕ್ಕೆ ಗುರುತು ಹಾಕಿ ಪಕ್ಕದಲ್ಲಿ ‘ಓದಲು ಎರವಲು, ಮಾರಾಟವಲ್ಲ’ ಎಂದು ಬರೆಯಿರಿ. ರೇ ಪದ್ಧತಿಯ ಕೊನೆಯವರಿಗೆ ಹೋಗುವಾಗ ಮಾತ್ರ ಅದು ನಿಜವಾದ ಉಡುಗೊರೆ.

ಪುಸ್ತಕಕ್ಕೆ ಸುಂಕ ಬೀಳುವುದು ಅಪರೂಪ. 1950ರಲ್ಲಿ ಯುನೆಸ್ಕೊ ಅಂಗೀಕರಿಸಿದ ಫ್ಲಾರೆನ್ಸ್ ಒಪ್ಪಂದಕ್ಕೆ ಸೇರಿದ ದೇಶಗಳು ಪುಸ್ತಕಕ್ಕೆ ಆಮದು ಸುಂಕ ಹಾಕುವುದಿಲ್ಲ. ಆದರೆ ಸುಂಕ ಬೇರೆ, ಮಾರಾಟ ತೆರಿಗೆ ಬೇರೆ. ಯುರೋಪಿಯನ್ ಒಕ್ಕೂಟದಲ್ಲಿ 22 ಯೂರೊವರೆಗಿನ ಕಟ್ಟಿಗೆ ಇದ್ದ ವ್ಯಾಟ್ ವಿನಾಯಿತಿ 2021ರ ಜುಲೈ 1ರಿಂದ ಹೋಗಿದೆ. ಖಾಸಗಿ ವ್ಯಕ್ತಿಗಳ ನಡುವಿನ, 45 ಯೂರೊ ಮೀರದ ಉಡುಗೊರೆಗೆ ಮಾತ್ರ ವಿನಾಯಿತಿ ಉಳಿದಿದೆ. ಎರವಲಿಗೆ ತೆರಿಗೆ ಕೇಳಿದರೆ ಪುಸ್ತಕದ ಬೆಲೆಗಿಂತ ಅಂಚೆಯವರ ನಿರ್ವಹಣಾ ಶುಲ್ಕವೇ ಹೆಚ್ಚಾಗಬಹುದು. ಆ ಭಾಗದ ಓದುಗರಿಗೆ ಅಲ್ಲಿಯೇ ಒಂದು ಪ್ರತಿ ಕೊಂಡು ಸಾಲು ಮಾಡುವುದು ಜಾಣತನ. ಇನ್ನೊಂದು ವಿಷಯ: ಈಗ ಬಹುಪಾಲು ದೇಶಗಳು ಕಟ್ಟು ಹೊರಡುವ ಮೊದಲೇ ಅದರ ವಿವರವನ್ನು ವಿದ್ಯುನ್ಮಾನ ರೂಪದಲ್ಲಿ ಕೇಳುತ್ತವೆ. ಕೈಯಲ್ಲಿ ಬರೆದ ಚೀಟಿ ಮಾತ್ರ ಇದ್ದರೆ ಕಟ್ಟು ವಾಪಸು ಬರಬಹುದು. ಕೌಂಟರಿನಲ್ಲಿ ವಿವರವನ್ನು ಗಣಕಕ್ಕೆ ಏರಿಸಿದರೇ ಎಂದು ಕೇಳಿಯೇ ಹೊರಡಿ.

ಪ್ರಶ್ನೆ: ಓದಿದವರೆಲ್ಲ ಅನಿಸಿಕೆ ಬರೆಯಲು ಪುಸ್ತಕದ ಜೊತೆ ನೋಟ್‌ಬುಕ್ ಕಳಿಸುತ್ತೇವೆ. ಮುದ್ರಿತ ಸಾಮಗ್ರಿಯ ಅಗ್ಗದ ದರದಲ್ಲಿ ಕಳಿಸಬಹುದೇ?

ಉತ್ತರ: ಪುಸ್ತಕ ಒಂದನ್ನೇ ಆ ದರದಲ್ಲಿ ಕಳಿಸಬಹುದು. ಕೈಬರಹದ ಪತ್ರವಿದ್ದರೆ ಆ ವರ್ಗ ಕೈತಪ್ಪುತ್ತದೆ, ಪರೀಕ್ಷೆಗೆ ತೆರೆದಾಗ ಸಿಕ್ಕಿಬಿದ್ದರೆ ಪತ್ರದ ದರ ಕಟ್ಟಬೇಕಾಗಬಹುದು. ನೋಟ್‌ಬುಕ್ ಬೇಕೇ ಬೇಕೆಂದಿದ್ದರೆ ನಿಮ್ಮ ಅಂಚೆಯಲ್ಲಿ ಇದ್ದರೆ 2 ಕೆ.ಜಿ. ಮಿತಿಯ ಸ್ಮಾಲ್ ಪ್ಯಾಕೆಟ್ ವರ್ಗ ಆರಿಸಿ. ಪುಸ್ತಕ ಮಾತ್ರದ ಮುದ್ರಿತ ಕಟ್ಟಿಗೆ, ಆಯಾ ಅಂಚೆ ಒಪ್ಪಿದರೆ, 5 ಕೆ.ಜಿ.ವರೆಗೂ ಅವಕಾಶವಿದೆ. ಎರಡಕ್ಕೂ ಉದ್ದ, ಅಗಲ, ದಪ್ಪ ಕೂಡಿ 90 ಸೆಂ.ಮೀ., ಯಾವ ಬದಿಯೂ 60 ಸೆಂ.ಮೀ. ಮೀರಬಾರದು.

ನೋಟ್‌ಬುಕ್ಕಿನ ಬದಲು ಬಿಡಿಹಾಳೆಯ ಹಳೆಯ ಉಪಾಯ ನಮಗೆ ಹೆಚ್ಚು ಇಷ್ಟ. ಪ್ರತಿಯೊಬ್ಬರೂ ಒಂದು ಬಿಡಿಹಾಳೆ ಬರೆದು ಸಂಚಾಲಕರಿಗೆ ಬೇರೆ ಲಕೋಟೆಯಲ್ಲಿ ಕಳಿಸುವುದು, ಸುತ್ತು ಮುಗಿದ ಮೇಲೆ ಎಲ್ಲ ಹಾಳೆಗಳ ಪ್ರತಿ ಎಲ್ಲರಿಗೂ ಬರುವುದು. ಪುಸ್ತಕ ಕಳೆದುಹೋದರೂ ಅನಿಸಿಕೆಗಳು ಉಳಿಯುತ್ತವೆ, ಇನ್ನೂ ಓದದವರ ಕಣ್ಣಿಗೆ ಕಥೆಯ ತಿರುವೂ ಬೀಳದು. ಪುಟದ ಅಂಚಿನಲ್ಲೇ ಬರೆಯುವ ಗುಂಪುಗಳೂ ಇವೆ. ಬರೆಯುವುದಾದರೆ ಮೆದು ಪೆನ್ಸಿಲ್, ಒಬ್ಬೊಬ್ಬರಿಗೆ ಒಂದೊಂದು ಗುರುತಕ್ಷರ. ಶಾಯಿ ಮತ್ತು ಅಂಟುಚೀಟಿ ಬೇಡ. ಅಂಟುಚೀಟಿಯ ಅಂಟು ತಿಂಗಳುಗಟ್ಟಲೆ ಒತ್ತಡದಲ್ಲಿದ್ದು ತೆಳುಕಾಗದದ ಅಕ್ಷರವನ್ನೇ ಕಿತ್ತುಕೊಂಡು ಬರುತ್ತದೆ.

ಪ್ರಶ್ನೆ: ಪುಸ್ತಕದ ಜೊತೆ ಪ್ರತಿ ದೇಶದ ಒಂದು ನೆನಪಿನ ವಸ್ತು ಇಡುವ ಯೋಚನೆ ಇದೆ. ತೊಂದರೆಯೇ?

ಉತ್ತರ: ಚಿತ್ರದ ಕಾರ್ಡು, ಬಳಸಿದ ಅಂಚೆಚೀಟಿ, ಕಾಗದದ ಪುಟಗುರುತು ಇಡಬಹುದು, ಕಸ್ಟಮ್ಸ್ ಚೀಟಿಯಲ್ಲಿ ಅವನ್ನೂ ಬರೆಯಿರಿ. ಒಣಗಿಸಿದ ಹೂವು, ಎಲೆ, ಬೀಜ ಮಾತ್ರ ಬೇಡವೇ ಬೇಡ. ಸಸ್ಯರೋಗ ತಡೆಯ ಕಾನೂನಿನಡಿ ಇಡೀ ಕಟ್ಟನ್ನೇ ನಾಶ ಮಾಡುವ ದೇಶಗಳಿವೆ. ನಾಣ್ಯ, ನೋಟುಗಳನ್ನು ವಿಮೆಯಿಲ್ಲದ ಅಂಚೆಯಲ್ಲಿ ಕಳಿಸುವುದಕ್ಕೆ ಅಂತರರಾಷ್ಟ್ರೀಯ ಅಂಚೆ ನಿಯಮದಲ್ಲೇ ನಿಷೇಧವಿದೆ. ಪುಟಕ್ಕೆ ಸಿಕ್ಕಿಸುವ ಪುಟ್ಟ ಓದುದೀಪದಲ್ಲಿ ಲಿಥಿಯಂ ಬ್ಯಾಟರಿ ಇರುತ್ತದೆ, ಅದೂ ಬೇಡ.

ಪ್ರಶ್ನೆ: ಟ್ರ್ಯಾಕಿಂಗ್ ಸಂಖ್ಯೆ ಇದ್ದರೂ ಗಡಿ ದಾಟಿದ ಮೇಲೆ ಏನೂ ತೋರಿಸುವುದಿಲ್ಲ. ಕಳೆದುಹೋಗಿದೆ ಎಂದು ಯಾವಾಗ ತೀರ್ಮಾನಿಸಬೇಕು?

ಉತ್ತರ: ಸಂಖ್ಯೆಯ ಮೊದಲ ಅಕ್ಷರ ನೋಡಿ. ಆರ್ ಎಂದಿದ್ದರೆ ರಿಜಿಸ್ಟರ್ಡ್, ಸಿ ಎಂದರೆ ಪಾರ್ಸೆಲ್, ಇ ಎಂದರೆ ಇಎಂಎಸ್ ಎಂಬ ತ್ವರಿತ ಅಂಚೆ, ಎಲ್ ಎಂದರೆ ಟ್ರ್ಯಾಕ್ ಆಗುವ ಪತ್ರ ವರ್ಗ. ಯು ಎಂದಿದ್ದರೆ ಅದು ಕಸ್ಟಮ್ಸ್ ವಿವರಕ್ಕೆ ಕೊಟ್ಟ ಸಂಖ್ಯೆ. ಅದರಿಂದ ಕಟ್ಟಿನ ದಾರಿ ತಿಳಿಯುವುದಿಲ್ಲ, ತಿಳಿಯುತ್ತದೆ ಎಂದು ಕಾಯುವುದು ವ್ಯರ್ಥ.

ಸಂಖ್ಯೆಯನ್ನು ಬರೆದುಕೊಳ್ಳುವಾಗ ಆಗುವ ತಪ್ಪನ್ನೂ ಹಿಡಿಯಬಹುದು. ಎರಡು ಅಕ್ಷರ, ಒಂಬತ್ತು ಅಂಕಿ, ದೇಶದ ಎರಡು ಅಕ್ಷರ, ಒಟ್ಟು 13. ಒಂಬತ್ತನೆಯ ಅಂಕಿ ಪರೀಕ್ಷಾಂಕಿ. ಮೊದಲ ಎಂಟನ್ನು ಕ್ರಮವಾಗಿ 8, 6, 4, 2, 3, 5, 9, 7ರಿಂದ ಗುಣಿಸಿ ಕೂಡಿ, ಮೊತ್ತವನ್ನು 11ರಿಂದ ಭಾಗಿಸಿ, ಬಂದ ಶೇಷವನ್ನು 11ರಿಂದ ಕಳೆಯಿರಿ. 12345678 ಎಂಬುದಕ್ಕೆ ಮೊತ್ತ 204, ಶೇಷ 6, ಹಾಗಾಗಿ ಒಂಬತ್ತನೆಯದು 5. ಕಳೆದಾಗ 10 ಬಂದರೆ 0, 11 ಬಂದರೆ 5 ಎಂದು ತೆಗೆದುಕೊಳ್ಳಬೇಕು. ತಾಳೆಯಾಗದಿದ್ದರೆ ಕಟ್ಟು ಕಳೆದಿಲ್ಲ, ನೀವು ಬರೆದುಕೊಂಡ ಸಂಖ್ಯೆ ತಪ್ಪು.

ವಿಮಾನದ ಅಂಚೆಯಲ್ಲಿ ಎಂಟು ವಾರದವರೆಗೆ ತಾಳ್ಮೆಯಿಂದಿರಿ. ಹಡಗಿನ ದಾರಿಯ ಸರ್ಫೇಸ್ ಮೇಲ್ ಇರುವ ಕಡೆ ಅದು ಎರಡು ಮೂರು ತಿಂಗಳು ಹಿಡಿಯುವುದು ಸಹಜ. ರಿಜಿಸ್ಟರ್ ಮಾಡಿದ ಕಟ್ಟಿನ ವಿಚಾರಣೆಯನ್ನು ಕಳಿಸಿದವರೇ ತಮ್ಮ ಅಂಚೆಯಲ್ಲಿ, ಕಳಿಸಿದ ಮರುದಿನದಿಂದ ಆರು ತಿಂಗಳೊಳಗೆ ಕೊಡಬೇಕು. ಪಡೆಯುವವರು ಕೊಟ್ಟ ದೂರು ನಡೆಯದೇ ಹೋಗುವುದು ಇದಕ್ಕೇ. ರಸೀದಿಯ ಚಿತ್ರ ಅಂದೇ ಸಂಚಾಲಕರಿಗೆ ಹೋಗಲಿ.

ಆದರೆ ಸುತ್ತು ನಿಲ್ಲುವುದು ಅಂಚೆಯಲ್ಲಿ ಅಷ್ಟಾಗಿ ಅಲ್ಲ, ಓದುಗರ ಮೇಜಿನ ಮೇಲೆ. ಮುಂದಿನವರ ವಿಳಾಸ ಹುಡುಕಬೇಕು, ಲಕೋಟೆ ತರಬೇಕು, ಅಂಚೆ ಕಚೇರಿ ತೆರೆದಿರುವಾಗ ಹೋಗಬೇಕು ಎಂದು ಒಂದೊಂದು ವಾರ ಸರಿದು ಎರಡು ತಿಂಗಳಾಗಿರುತ್ತದೆ. ಇದಕ್ಕೆ ಮದ್ದು ಸರಳ. ಪುಸ್ತಕ ಕೈಗೆ ಬಂದ ದಿನವೇ, ಓದುವ ಮೊದಲೇ, ಮುಂದಿನವರಿಗೆ ವಿಳಾಸ ಸರಿಯಿದೆಯೇ ಎಂದು ಬರೆದು ಕೇಳುವುದು, ಲಕೋಟೆಯ ಮೇಲೆ ವಿಳಾಸ ಅಂಟಿಸಿ ಪುಸ್ತಕದ ಕೆಳಗೇ ಇಟ್ಟುಕೊಳ್ಳುವುದು. ರಟ್ಟಿನ ಒಳಬದಿಯ ಚೀಟಿಯಲ್ಲಿ ಬಂದ ದಿನ, ಹೋಗಬೇಕಾದ ದಿನ, ಹೋದ ದಿನ ಎಂಬ ಮೂರು ಕಲಮು ಇರಲಿ. ನಡುವಿನ ಕಲಮನ್ನು ಪುಸ್ತಕ ಬಿಚ್ಚಿದಾಗಲೇ ಓದುಗರು ತಮ್ಮ ಕೈಯಾರೆ ತುಂಬಬೇಕು. ತಾನೇ ಬರೆದ ದಿನಾಂಕಕ್ಕೆ ಸಂಚಾಲಕರ ಹತ್ತು ನೆನಪೋಲೆಗಿಂತ ಬಲವಿದೆ. ಓದಿ ಮುಗಿಯದಿದ್ದರೂ ದಿನ ಬಂದಾಗ ಕಳಿಸಿ, ಸಾಲಿನ ಕೊನೆಗೆ ಮತ್ತೊಮ್ಮೆ ಹೆಸರು ಹಾಕಿಸಿಕೊಳ್ಳಬಹುದು.

ಪ್ರಶ್ನೆ: ಎಲ್ಲರಿಗೂ ಒಮ್ಮೆಗೇ ಸಿಗಲೆಂದು ಸ್ಕ್ಯಾನ್ ಮಾಡಿ ಹಂಚಿದರೆ?

ಉತ್ತರ: ಕೊಂಡ ಪ್ರತಿಯನ್ನು ಹಣ ಪಡೆಯದೆ ಎರವಲು ಕೊಡುವುದು ಹೆಚ್ಚಿನ ದೇಶಗಳಲ್ಲಿ ಮಾಲೀಕರ ಹಕ್ಕು. ಪ್ರತಿ ಮಾಡುವುದು ಲೇಖಕರ ಹಕ್ಕು. ಹಕ್ಕುಸ್ವಾಮ್ಯ ಉಳಿದಿರುವ ಕೃತಿಯನ್ನು ಸ್ಕ್ಯಾನ್ ಮಾಡಿ ಹಂಚಬೇಡಿ. ಓದಲು ಬಾಡಿಗೆ ವಸೂಲು ಮಾಡುವುದಕ್ಕೂ ಹಲವು ದೇಶಗಳಲ್ಲಿ ಬೇರೆ ಅನುಮತಿ ಬೇಕು.

ಪ್ರಶ್ನೆ: ನಮ್ಮ ಬಳಗದ ಒಬ್ಬರಿಗೆ ದೃಷ್ಟಿಯಿಲ್ಲ. ಅವರನ್ನೂ ಸುತ್ತಿಗೆ ಸೇರಿಸಿಕೊಳ್ಳುವುದು ಹೇಗೆ?

ಉತ್ತರ: ಖಂಡಿತ ಸೇರಿಸಿಕೊಳ್ಳಿ. ಅಂಧರಿಗಾಗಿ ಕಳಿಸುವ ಬ್ರೈಲ್ ಪುಸ್ತಕ, ಧ್ವನಿಮುದ್ರಿಕೆಗಳಿಗೆ 7 ಕೆ.ಜಿ.ವರೆಗೆ ಅಂಚೆ ವೆಚ್ಚವಿಲ್ಲ ಎಂಬುದು ಅಂತರರಾಷ್ಟ್ರೀಯ ನಿಯಮ. ವಿಮಾನದ ಹೆಚ್ಚುವರಿ ದರ ಕೆಲವೆಡೆ ಬೀಳಬಹುದು. ಬ್ರೈಲ್ ಪ್ರತಿ ಹಲವು ಸಂಪುಟವಾಗುವುದರಿಂದ ಈ ತೂಕದ ಮಿತಿ ಮುಖ್ಯ. ಆ ಭಾಷೆಯ ಬ್ರೈಲ್ ಅಥವಾ ಧ್ವನಿ ಪ್ರತಿ ಬೇರೊಂದು ದೇಶದಲ್ಲಿದ್ದರೆ, 2013ರ ಮರಾಕೆಶ್ ಒಪ್ಪಂದಕ್ಕೆ ಸೇರಿದ ದೇಶಗಳ ಅಧಿಕೃತ ಸಂಸ್ಥೆಗಳು ಅದನ್ನು ಗಡಿ ದಾಟಿಸಿ ಕಳಿಸಬಹುದು. ಅವರ ದೇಶದ ಅಂಧರ ಗ್ರಂಥಾಲಯಕ್ಕೆ ಸುತ್ತು ಶುರುವಾಗುವ ಮೂರು ನಾಲ್ಕು ತಿಂಗಳು ಮೊದಲೇ ಬರೆಯಿರಿ, ಆಗ ಅವರ ಓದೂ ನಿಮ್ಮ ಜೊತೆಗೇ ಸಾಗುತ್ತದೆ.

ಪ್ರಶ್ನೆ: ವಿಜ್ಞಾನ ಕಥೆಯ ಓದುಗರೇ ಇಂಥದ್ದನ್ನು ಹೆಚ್ಚು ಮಾಡುವುದೇಕೆ?

ಉತ್ತರ: ಅವರ ಬಳಗ ಹುಟ್ಟಿದ್ದೇ ಅಂಚೆಯಲ್ಲಿ. 1926ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಶುರುವಾದ ‘ಅಮೇಜಿಂಗ್ ಸ್ಟೋರೀಸ್’ ಪತ್ರಿಕೆ ಓದುಗರ ಪತ್ರಗಳನ್ನು ವಿಳಾಸದ ಸಮೇತ ಅಚ್ಚು ಹಾಕುತ್ತಿತ್ತು. ವಿಳಾಸ ನೋಡಿ ಓದುಗರು ಒಬ್ಬರಿಗೊಬ್ಬರು ಬರೆಯತೊಡಗಿದರು. 1937ರಲ್ಲಿ ಹುಟ್ಟಿದ ಫ್ಯಾಂಟಸಿ ಅಮೆಚೂರ್ ಪ್ರೆಸ್ ಅಸೋಸಿಯೇಷನ್‌ನಲ್ಲಿ ಸದಸ್ಯರು ತಮ್ಮ ಬರಹದ ಪ್ರತಿಗಳನ್ನು ಒಬ್ಬ ಸಂಪಾದಕರಿಗೆ ಕಳಿಸುತ್ತಿದ್ದರು. ಅವರು ಎಲ್ಲವನ್ನೂ ಕೂಡಿಸಿ ಮೂರು ತಿಂಗಳಿಗೊಮ್ಮೆ ಎಲ್ಲರಿಗೂ ಒಂದೊಂದು ಕಂತೆ ಅಂಚೆಗೆ ಹಾಕುತ್ತಿದ್ದರು. ಮೇಲೆ ಹೇಳಿದ ಬಿಡಿಹಾಳೆಯ ಉಪಾಯ ಅದರದೇ ಸಂತತಿ.

ಪ್ರಶ್ನೆ: ಪುಸ್ತಕ ಒದ್ದೆಯಾಗಿ ಬಂದಿದೆ, ಬೂಷ್ಟಿನ ವಾಸನೆಯೂ ಇದೆ. ಮುಂದೆ ಕಳಿಸಲೇ?

ಉತ್ತರ: ಸದ್ಯ ಬೇಡ. ಬಿಸಿಲಿಗೆ ಇಡಬೇಡಿ, ಕೂದಲು ಒಣಗಿಸುವ ಯಂತ್ರವನ್ನೂ ಹಿಡಿಯಬೇಡಿ. ಹೊರಹಾಳೆ ಬೇಗ ಒಣಗಿ ಕುಗ್ಗಿ ಬೆನ್ನು ಸೊಟ್ಟಗಾಗುತ್ತದೆ. ಬರೀ ತೇವವಾಗಿದ್ದರೆ ಹದಿನೈದು ಇಪ್ಪತ್ತು ಹಾಳೆಗೊಂದರಂತೆ ಮುದ್ರಣವಿಲ್ಲದ ಹೀರುಕಾಗದ ಇಟ್ಟು, ಪುಸ್ತಕವನ್ನು ಬೀಸಣಿಗೆಯಂತೆ ಅರೆತೆರೆದು ನಿಲ್ಲಿಸಿ, ಫ್ಯಾನಿನ ಗಾಳಿ ನೇರ ಬಡಿಯದಂತೆ ಕೋಣೆಯಲ್ಲಿ ಆಡಿಸಿ. ಎರಡು ಮೂರು ಗಂಟೆಗೊಮ್ಮೆ ಕಾಗದ ಬದಲಿಸಿ. ಪೂರ್ತಿ ನೆನೆದಿದ್ದರೆ, ಎರಡು ದಿನದೊಳಗೆ ಒಣಗದು ಎನಿಸಿದರೆ, ಚೀಲದಲ್ಲಿ ಮುಚ್ಚಿ ಫ್ರೀಜರ್‌ಗೆ ಹಾಕಿ. 48 ಗಂಟೆ ದಾಟಿದರೆ ಬೂಷ್ಟು ಏಳಲು ಶುರುವಾಗುತ್ತದೆ, ಹೆಪ್ಪುಗಟ್ಟಿದ ಪುಸ್ತಕದಲ್ಲಿ ಅದು ಬೆಳೆಯದು. ಪುರುಸೊತ್ತಾದಾಗ ತೆಗೆದು ಒಣಗಿಸಬಹುದು.

ಹುಳು ಕಂಡರೂ ಫ್ರೀಜರೇ ಮದ್ದು: ಒಣಗಿದ ಪುಸ್ತಕವನ್ನು ಚೀಲದಲ್ಲಿ ಮುಚ್ಚಿ ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಡಿ, ಹೊರತೆಗೆದು ಒಂದು ದಿನ ಚೀಲ ಬಿಚ್ಚದೆ ಬಿಡಿ. ಪುಟಗಳ ಮೇಲೆ ಬೂಷ್ಟು ಕಣ್ಣಿಗೇ ಕಾಣುತ್ತಿದ್ದರೆ ಮಾತ್ರ ಆ ಪ್ರತಿಯನ್ನು ಸರದಿಯಿಂದ ತೆಗೆದುಬಿಡಿ. ಮುಂದಿನವರ ಕಪಾಟಿಗೂ ಅದು ಹರಡುತ್ತದೆ, ಉಸಿರಿನ ತೊಂದರೆ ಇರುವವರಿಗೆ ಅಪಾಯವೂ ಹೌದು. ಚಿತ್ರ ತೆಗೆದು ಸಂಚಾಲಕರಿಗೆ ಕಳಿಸಿ, ಅದೇ ಐಎಸ್‌ಬಿಎನ್‌ನ ಇನ್ನೊಂದು ಪ್ರತಿ ಮುಂದಿನವರ ವಿಳಾಸಕ್ಕೇ ನೇರವಾಗಿ ಹೋಗಲಿ, ಒಳಚೀಟಿಯ ದಿನಾಂಕಗಳನ್ನು ಹೊಸದಕ್ಕೆ ನಕಲು ಮಾಡಿಕೊಂಡರಾಯಿತು.